ಕಂಬದ ಕಟ್ಟಡಕ್ಕೆ ಮೇಲೇರುವ ಬಾಗಿಲು ಬಂದ ಚರಿತ್ರೆ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಬರೆದುಕೊಡಬೇಕು ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ನಾನು ಬರೆದದ್ದು ಅಂದರೆ ಬೆಳೆಸಾಲದ ಅರ್ಜಿ ಮತ್ತು ನಡಾವಳಿ ಪುಸ್ತಕದಲ್ಲಿ ಸಹಿ, ಇಷ್ಟೇ. ಸಂಘ ಹುಟ್ಟಿದ ಬಗೆ, ಮೊದಲನೇ ಅಧ್ಯಕ್ಷರು ಮನೆ ಮನೆ ತಿರುಗಿ ಷೇರು ಹಣ ಕೂಡಿಸಿದ್ದು, ಗೊಬ್ಬರದ ಲಾರಿ ಮೊದಲ ಸಲ ಊರಿಗೆ ಬಂದದ್ದು, ಇವನ್ನೆಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ಅದನ್ನೇ ನಾನು ಮತ್ತೆ ಬರೆದರೆ ಓದುವವರಿಗೆ ಬೇಜಾರು. ಆದ್ದರಿಂದ ಸದಸ್ಯ ಬಾಂಧವರು ಕ್ಷಮಿಸಬೇಕು, ನಾನು ಒಂದು ಬಾಗಿಲಿನ ಚರಿತ್ರೆ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಿದೆ. ಸಂಘದ ಹಿಂದಿನ ಖಾಲಿ ಜಾಗದಲ್ಲಿ ಯಂತ್ರಗಳಿಗೆ ಹೊಸ ಶೆಡ್ ಕಟ್ಟಬೇಕು ಎನ್ನುವುದು ಈ ಸಲದ ಮಹಾಸಭೆಗೆ ಬರುವ ವಿಷಯ. ಹಳೇ ಶೆಡ್ಡಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ ಹೊಸ ಸದಸ್ಯರಿಗಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ನನ್ನದೇ. ಆಗ ನಾನು ಹೊಸದಾಗಿ ಕಟ್ಟಡ ಸಮಿತಿಗೆ ಬಂದಿದ್ದೆ. ಕಬ್ಬಿಣದ ಕಂಬ ನಿಲ್ಲಿಸಿ ಬಾಗಿಲಿಗೆ ನೆಲದಿಂದ 10 ಅಡಿ ಅಳೆದು ಶಟರಿಗೆ ಹೇಳಿಬಿಟ್ಟೆ. ಆಮೇಲೆ ಮಳೆ ನೀರು ಒಳಗೆ ಬರುತ್ತೆ ಅಂತ ಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿದ್ವಿ, ನೆಲ 9 ಅಂಗುಲ ಮೇಲೆ ಬಂತು. ಶಟರು ಸುತ್ತಿಕೊಳ್ಳುವ ರೋಲು ಮೇಲಿನಿಂದ ಒಂದೂಕಾಲು ಅಡಿ ಕೆಳಗೆ ಇಳಿದು ನಿಂತಿತು. ಉಳಿದದ್ದು ಸರಿಯಾಗಿ 8 ಅಡಿ. ಟ್ರ್ಯಾಕ್ಟರಿನ ಹುಡ್ 8 ಅಡಿ 2 ಅಂಗುಲ! ಪೂಜೆಯ ದಿನ ತೆಂಗಿನಕಾಯಿ ಒಡೆದು ಟ್ರ್ಯಾಕ್ಟರು ಒಳಗೆ ಬಿಟ್ಟಾಗ ಆದ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತಿನಿಂದ ಸಂಘದ ಟ್ರ್ಯಾಕ್ಟರಿಗೆ ಹುಡ್ ಇಲ್ಲ, ಡ್ರೈವರು ಬಿಸಿಲಲ್ಲೇ ಕೂರುತ್ತಾನೆ. ಭತ್ತ ಕೊಯ್ಯುವ ಯಂತ್ರವಂತೂ ಆ ಬಾಗಿಲ ಹತ್ತಿರಕ್ಕೂ ಹೋಗುವುದಿಲ್ಲ.

ಹೀಗಿರುವಾಗ ಹೋದ ಯುಗಾದಿಗೆ ನಮ್ಮೂರಿನ ಒಬ್ಬ ಹುಡುಗ ಊರಿಗೆ ಬಂದಿದ್ದ. ಅವನು ಅಮೆರಿಕದ ಇಂಡಿಯಾನಾ ಎಂಬ ರಾಜ್ಯದಲ್ಲಿದ್ದಾನೆ. ಆ ಕಡೆ ರೈತರು ಯಂತ್ರಗಳನ್ನು ಎಲ್ಲಿ ನಿಲ್ಲಿಸುತ್ತಾರೆ ಅಂತ ಕೇಳಿದೆ. ಅವನು ಮೊಬೈಲಿನಲ್ಲಿ ಫೋಟೋ ತೋರಿಸಿದ. ದೊಡ್ಡ ದೊಡ್ಡ ತಗಡಿನ ಕಟ್ಟಡ, ಒಂದೊಂದಕ್ಕೂ ಆನೆ ಹೋಗುವಷ್ಟು ಬಾಗಿಲು, ಗುಂಡಿ ಒತ್ತಿದರೆ ಬಾಗಿಲು ಮೇಲಕ್ಕೆ ಹೋಗಿ ಸೂರಿನ ಕೆಳಗೆ ಮಲಗಿಕೊಳ್ಳುತ್ತದೆ. ಎರಡು ಸಂಜೆ ಕೂತು ಅವನು ವಿವರಿಸಿದ. ಬಾಗಿಲು ಕೂರಿಸುವ ಕೈಪುಸ್ತಕವನ್ನೂ ಕಳಿಸಿದ. ಅದನ್ನು ನಮ್ಮ ಡಿಪ್ಲೊಮಾ ಓದಿದ ಹುಡುಗನ ಕೈಲಿ ಓದಿಸಿ ತಿಳಿದುಕೊಂಡೆ. ಹೀಗೆ ಕೂಡಿಸಿದ್ದೇ ಈ ಲೇಖನ.

ಮೊದಲು ಕಂಬದ ಕಟ್ಟಡ ಎಂದರೇನು ಎಂದು ಹೇಳಬೇಕು. ಅಲ್ಲಿ ಅದಕ್ಕೆ ಪೋಲ್ ಬಾರ್ನ್ ಎನ್ನುತ್ತಾರೆ. ಪಾಯ ತೆಗೆದು ಗೋಡೆ ಎಬ್ಬಿಸುವುದಿಲ್ಲ. ನಾಲ್ಕೈದು ಅಡಿ ಗುಂಡಿ ತೆಗೆದು ಮರದ ಕಂಬ ನೆಡುತ್ತಾರೆ. ಸಾಮಾನ್ಯವಾಗಿ 8 ಅಡಿಗೊಂದು ಕಂಬ. ಕಂಬಗಳ ಹೊರಮೈಗೆ ಅಡ್ಡಹಲಗೆ ಹೊಡೆದು ಅದರ ಮೇಲೆ ತಗಡು ಹಾಕುತ್ತಾರೆ. ಕಂಬದ ತಲೆಯ ಮೇಲೆ ಟ್ರಸ್ ಕೂರುತ್ತದೆ. ಸೂರಿನ ಭಾರ ಪೂರಾ ಕಂಬದ ಮೇಲೆ, ಗೋಡೆ ಬರೀ ಮರೆ. ಇದೇನು ಹೊಸದು, ನಮ್ಮ ಮದುವೆ ಚಪ್ಪರವೂ ಹೀಗೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಹೀಗೇ. ಆದರೆ ಚಪ್ಪರ ಮೂರು ದಿನದ್ದು. ನೆಲದಲ್ಲಿ ಹೂತ ಮರವನ್ನು ಗೆದ್ದಲು ಬಿಡುವುದಿಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ತೊಟ್ಟಿಮನೆಯ ಪ್ರತಿ ಕಂಬದ ಕೆಳಗೂ ಕಲ್ಲು ಇಟ್ಟರು. ಅಮೆರಿಕದವರು ಹೂತೇ ನೆಟ್ಟರು. ಹೂತ ಕಂಬ ತಾನಾಗಿಯೇ ನಿಲ್ಲುತ್ತದೆ, ಗಾಳಿಗೆ ವಾಲುವುದಿಲ್ಲ. ಖರ್ಚು ಉಳಿಯುವುದೂ ಅಲ್ಲೇ.

ಅದಕ್ಕೂ ಮುಂಚೆ ಅಲ್ಲಿನ ರೈತರ ಕೊಟ್ಟಿಗೆಗಳು ಭಾರಿ ಭಾರಿ ತೊಲೆಗಳದ್ದು. ಊರಿನವರೆಲ್ಲ ಒಟ್ಟಿಗೆ ಬಂದು ಚೌಕಟ್ಟನ್ನು ಎತ್ತಿ ನಿಲ್ಲಿಸುತ್ತಿದ್ದರು, ನಮ್ಮಲ್ಲಿ ಮುಯ್ಯಾಳು ಹೋಗುತ್ತಿದ್ದರಲ್ಲ ಹಾಗೆ. ಇವತ್ತು ನಿನಗೆ, ನಾಳೆ ನನಗೆ. 1920ರ ದಶಕದಲ್ಲೇ ಅಲ್ಲಿ ಬೆಳೆಗೆ ಬೆಲೆ ಬಿದ್ದಿತ್ತು. 1929ರ ನಂತರದ ಮಹಾ ಕುಸಿತದಲ್ಲಿ ರೈತನ ಕೈಯಲ್ಲಿ ಕಾಸೇ ಇಲ್ಲದಂತಾಯಿತು. ಆದರೆ ಕುದುರೆ ಹೋಗಿ ಟ್ರ್ಯಾಕ್ಟರು ಬರುತ್ತಿದ್ದ ಕಾಲವೂ ಅದೇ. ದೊಡ್ಡ ಕಟ್ಟಡ ಬೇಕು, ಕಡಿಮೆ ಹಣದಲ್ಲಿ ಬೇಕು. ಸೇಂಟ್ ಲೂಯಿಸ್ ನಗರದಲ್ಲಿ 1919ರಲ್ಲಿ ರೈತರಿಗೆ ಸಲಹೆ ಕೊಡುವ ಸಂಸ್ಥೆಯೊಂದನ್ನು ಆರಂಭಿಸಿದ್ದ ಹೋವರ್ಡ್ ಡೋನ್ ಎಂಬುವರು ಮತ್ತು ಅವರ ಜಮೀನು ನೋಡಿಕೊಳ್ಳುತ್ತಿದ್ದ ಬರ್ನನ್ ಪರ್ಕಿನ್ಸ್ ಎಂಬುವರು 1930ರ ದಶಕದ ಆರಂಭದಲ್ಲಿ ಈ ಕಂಬದ ಕಟ್ಟಡವನ್ನು ರೂಢಿಗೆ ತಂದರು ಎಂದು ಅಲ್ಲಿನ ಚರಿತ್ರೆ ಹೇಳುತ್ತದೆ. ಪರ್ಕಿನ್ಸ್ 1949ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1953ರಲ್ಲಿ ಸಿಕ್ಕಿತು. ನಾಲ್ಕು ವರ್ಷ! ಸರ್ಕಾರಿ ಕಛೇರಿ ಎಲ್ಲ ದೇಶದಲ್ಲೂ ಒಂದೇ ಎಂದು ಕಾಣುತ್ತದೆ.

ಇಲ್ಲಿ ಸಹಕಾರ ಸಂಘದ ಸದಸ್ಯರಾದ ನಾವು ಗಮನಿಸತಕ್ಕ ವಿಷಯ ಒಂದಿದೆ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ರೈತರ ಮನೆಗಳಲ್ಲಿ ನೂರರಲ್ಲಿ ಸುಮಾರು 10ಕ್ಕೆ ಮಾತ್ರ ಕರೆಂಟ್ ಇತ್ತು. ಹಳ್ಳಿಗೆ ತಂತಿ ಎಳೆದರೆ ಲಾಭ ಬರುವುದಿಲ್ಲ ಎಂದು ಕಂಪನಿಗಳು ಕೈಯಾಡಿಸಿಬಿಟ್ಟವು. 1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ಮಾಡಿತು, 1936ರಲ್ಲಿ ಕಾನೂನು ಬಂತು. ಸಾಲ ಸರ್ಕಾರದ್ದು, ಆದರೆ ಹೆಚ್ಚಿನ ಕಡೆ ತಂತಿ ಎಳೆದವರು ರೈತರೇ ಕಟ್ಟಿಕೊಂಡ ವಿದ್ಯುತ್ ಸಹಕಾರ ಸಂಘಗಳು. ದಾರಿಯುದ್ದಕ್ಕೂ ಎಣ್ಣೆ ಕುಡಿಸಿದ ಕಂಬಗಳು ನಿಂತವು. ಹಳೆಯ ತಂತಿಕಂಬಗಳನ್ನು ತಂದು ಕೊಟ್ಟಿಗೆ ಕಟ್ಟಿಕೊಂಡ ರೈತರೂ ಇದ್ದರು. ಅದೇ ಸಹಕಾರದ ಅನುಭವ ನಮ್ಮ ರಾಜ್ಯಕ್ಕೂ ಬಂದಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ಅಮೆರಿಕದ ವಿದ್ಯುತ್ ಸಹಕಾರಿಗಳ ನೆರವಿನಿಂದ ದೇಶದಲ್ಲಿ ಮೊದಲು ಶುರುವಾದ 5 ಸಂಘಗಳಲ್ಲಿ ಒಂದು.

ಕಂಬಕ್ಕೆ ಕುಡಿಸುವ ಔಷಧಿಯಲ್ಲೂ ನಮ್ಮ ದೇಶದ ಪಾಲಿದೆ. ಮೊದಮೊದಲು ಕೊಳೆಯದ ಸೀಡರ್ ಮರ ಅಥವಾ ಕ್ರಿಯೋಸೋಟ್ ಎಂಬ ಕಲ್ಲಿದ್ದಲ ಟಾರಿನ ಎಣ್ಣೆ ಕುಡಿಸಿದ ಕಂಬ ಬಳಸುತ್ತಿದ್ದರು. ಆಮೇಲೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಸೇರಿದ ಹಸಿರು ಬಣ್ಣದ ಔಷಧಿ ಬಂತು. ಅದನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ ಎಂಬ ನಮ್ಮ ವಿಜ್ಞಾನಿ. ಅಮೆರಿಕದ ಲಕ್ಷಾಂತರ ಕಂಬಗಳು ಈ ಔಷಧಿಯಿಂದ ನಿಂತಿವೆ. ಆರ್ಸೆನಿಕ್ ಇರುವುದರಿಂದ 2003ರ ಕೊನೆಯಿಂದ ಅಲ್ಲಿ ವಾಸದ ಮನೆಯ ಕೆಲಸಕ್ಕೆ ಅದನ್ನು ನಿಲ್ಲಿಸಿದರು, ಆದರೆ ಜಮೀನಿನ ಕಂಬಗಳಿಗೆ ಉಳಿಯಿತು. ಅಂಥ ಮರದ ಚೂರನ್ನು ಒಲೆಗೆ ಹಾಕಬಾರದು, ಹೊಗೆ ವಿಷ.

ಇನ್ನು ಬಾಗಿಲಿಗೆ ಬರೋಣ.

ಹಳೇ ಕೊಟ್ಟಿಗೆಗೆ ಎರಡು ರೆಕ್ಕೆಯ ಬಾಗಿಲು ಇರುತ್ತಿತ್ತು. ತಿರುಗಣಿ ಮೇಲೆ ತೆರೆಯುವಂಥದ್ದು. ದೊಡ್ಡದಾದಷ್ಟೂ ಜೋಲು ಬಿದ್ದು ನೆಲಕ್ಕೆ ಉಜ್ಜುತ್ತಿತ್ತು. ಅಲ್ಲಿ ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳುತ್ತದೆ. ಹಿಮ ಗೋರಿ ತೆಗೆಯದೆ ಬಾಗಿಲು ತೆರೆಯುವಂತಿಲ್ಲ. ಮೇಲೊಂದು ಕಬ್ಬಿಣದ ಹಳಿ ಹಾಕಿ ಗಾಲಿಯ ಮೇಲೆ ಪಕ್ಕಕ್ಕೆ ಸರಿಯುವ ಬಾಗಿಲು ಮಾಡಿದರು. ಅದು ಅಗ್ಗ, ಈಗಲೂ ಇದೆ. ಆದರೆ ಬುಡ ಸಡಿಲ. ಗಾಳಿಗೆ ಬಡಿದುಕೊಳ್ಳುತ್ತದೆ. ಅಲ್ಲದೆ 16 ಅಡಿ ಬಾಗಿಲು ಸರಿಯಬೇಕಾದರೆ ಪಕ್ಕದಲ್ಲಿ 16 ಅಡಿ ಖಾಲಿ ಗೋಡೆ ಬೇಕು.

1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದ ಮೇಲೆ ಸಾಮಾನ್ಯ ಜನರ ಮನೆಗೂ ಕಾರು ಬಂತು, ಅದನ್ನಿಡಲು ಗ್ಯಾರೇಜು ಬಂತು. ಕಾರುಗಳ ಊರಾದ ಡೆಟ್ರಾಯಿಟ್‌ನಲ್ಲಿ ಸಿ.ಜಿ. ಜಾನ್ಸನ್ ಎಂಬುವರು 1921ರಲ್ಲಿ ಮೇಲಕ್ಕೆತ್ತುವ ಬಾಗಿಲನ್ನು ಮಾಡಿದರು. ಬಾಗಿಲನ್ನು ಅಡ್ಡಡ್ಡ ಪಟ್ಟಿಗಳಾಗಿ ಭಾಗ ಮಾಡಿ, ಪಟ್ಟಿಗೂ ಪಟ್ಟಿಗೂ ತಿರುಗಣಿ ಹಾಕಿ, ಎರಡೂ ಅಂಚಿಗೆ ಪುಟ್ಟ ಗಾಲಿಗಳನ್ನು ಇಟ್ಟರು. ಗಾಲಿ ಓಡುವ ಹಳಿ ಬಾಗಿಲ ಪಕ್ಕದಲ್ಲಿ ನೆಟ್ಟಗೆ ಮೇಲೇರಿ, ತಲೆಯ ಹತ್ತಿರ ಬಾಗಿ, ಸೂರಿನ ಕೆಳಗೆ ಅಡ್ಡಲಾಗಿ ಒಳಕ್ಕೆ ಹೋಗುತ್ತದೆ. ಭಾರ ಹಗುರ ಮಾಡಲು ಸ್ಪ್ರಿಂಗು. ಜಾನ್ಸನ್ ತಮ್ಮ ಬಾಗಿಲಿನ ಒಂದು ಪುಟ್ಟ ಮಾದರಿಯನ್ನು ಕಾರಿನ ಹಿಂಭಾಗಕ್ಕೆ ಕಟ್ಟಿಕೊಂಡು ಊರೂರು ತಿರುಗಿ ತೋರಿಸಿದರಂತೆ, ನಮ್ಮಲ್ಲಿ ಜಾತ್ರೆಯಿಂದ ಜಾತ್ರೆಗೆ ಸಾಮಾನು ತೋರಿಸುತ್ತ ಹೋಗುವವರ ಹಾಗೆ. ಮುಂದೆ ಇಂಡಿಯಾನಾದ ಹಾರ್ಟ್‌ಫರ್ಡ್ ಸಿಟಿಯಲ್ಲಿ ಕಾರ್ಖಾನೆ ನಡೆಯಿತು. 1926ರಲ್ಲಿ ಕರೆಂಟಿನಿಂದ ಎತ್ತುವ ಮೋಟಾರನ್ನೂ ಅವರೇ ಮಾಡಿದರು. ಆದರೆ ಕರೆಂಟೇ ಇಲ್ಲದ ಹಳ್ಳಿಗೆ ಮೋಟಾರು ಯಾವ ಪ್ರಯೋಜನಕ್ಕೆ? ಅದು ರೈತನ ಶೆಡ್ಡಿಗೆ ಬರಬೇಕಾದರೆ ಮೊದಲು ಹೇಳಿದ ಸಹಕಾರ ಸಂಘಗಳ ತಂತಿ ಬರಬೇಕಾಯಿತು.

ನಮ್ಮ ಅಂಗಡಿ ಶಟರಿಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕು. ಶಟರು ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ, ಸುರುಳಿಯ ಭಾರ ಬಾಗಿಲ ಮೇಲೆಯೇ ಕೂತಿರುತ್ತದೆ. ಅಮೆರಿಕದ ಬಾಗಿಲು ಸುತ್ತಿಕೊಳ್ಳುವುದಿಲ್ಲ, ಮಡಚಿ ಒಳಗೆ ಹೋಗಿ ತೂಗುತ್ತದೆ. ತೆರೆದಾಗ ಭಾರ ಸೂರಿನ ಟ್ರಸ್ಸಿಗೆ. ಆದ್ದರಿಂದ ಅದನ್ನು ಕೂರಿಸುವ ಲೆಕ್ಕವೇ ಬೇರೆ.

ಎರಡನೇ ಮಹಾಯುದ್ಧದ ಕಾಲಕ್ಕೆ ಯಂತ್ರಗಳು ಬೆಳೆದವು. ತಾನೇ ಓಡುವ ಕಟಾವು ಯಂತ್ರವನ್ನು ಮ್ಯಾಸಿ ಹ್ಯಾರಿಸ್ ಕಂಪನಿ ಹೊರತಂದಿತ್ತು. 1944ರಲ್ಲಿ ಅಂಥ 500 ಯಂತ್ರಗಳು ದಂಡು ಕಟ್ಟಿಕೊಂಡು ಅಮೆರಿಕದ ಗೋಧಿ ಸೀಮೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಕೊಯ್ಯುತ್ತಾ ಹೋದವು. ಇವತ್ತು ನಮ್ಮ ಭದ್ರಾ ಚಾನೆಲ್ ಸೀಮೆಗೆ ಕಟಾವಿನ ಕಾಲದಲ್ಲಿ ಹೊರ ರಾಜ್ಯದ ಯಂತ್ರಗಳು ಸಾಲುಗಟ್ಟಿ ಬರುತ್ತವಲ್ಲ, ಅದೇ ನಮೂನೆ. 1952ರಲ್ಲಿ ಫ್ಲಾರಿಡಾದ ಸ್ಯಾನ್‌ಫೋರ್ಡ್ ಎಂಬುವರು ಮರದ ಟ್ರಸ್ಸಿನ ಕೂಡುಗಳಿಗೆ ಹೊಡೆಯುವ ಹಲ್ಲಿನ ತಗಡನ್ನು ಕಂಡುಹಿಡಿದರು. ಅದರಿಂದ ಮಧ್ಯದಲ್ಲಿ ಕಂಬವೇ ಇಲ್ಲದೆ 40 ಅಡಿ ಅಗಲದ ಸೂರು ಅಗ್ಗವಾಗಿ ಸಾಧ್ಯವಾಯಿತು. ಒಳಗೆ ಜಾಗ ಆಯಿತು, ಯಂತ್ರವೂ ಬಂತು. ಒಳಗೆ ಹೋಗುವ ದಾರಿ ಎಲ್ಲಿ?

ತೊಡಕು ಇರುವುದೇ ಇಲ್ಲಿ. ಕಂಬದ ಕಟ್ಟಡ ನಿಂತಿರುವುದು 8 ಅಡಿಗೊಂದು ಕಂಬದ ಮೇಲೆ. 16 ಅಡಿ ಬಾಗಿಲು ಬೇಕಾದರೆ ನಡುವಿನ ಒಂದು ಕಂಬ ಇರಬಾರದು. ಆ ಕಂಬ ಹೊರುತ್ತಿದ್ದ ಭಾರ ಎಲ್ಲಿಗೆ ಹೋಗಬೇಕು? ಉದಾಹರಣೆಗೆ ಸೂರಿನ ಅಗಲ 40 ಅಡಿ. ಉದ್ದಗೋಡೆಯ ಒಂದು ಕಂಬದ ಪಾಲಿಗೆ ಅರ್ಧ ಅಗಲ 20 ಅಡಿ, ಕಂಬದಿಂದ ಕಂಬಕ್ಕೆ 8 ಅಡಿ, ಅಂದರೆ 160 ಚದರಡಿ ಸೂರು. ಹಿಮ ಸೇರಿ ಚದರಡಿಗೆ 30 ಪೌಂಡು ಎಂದು ಹಿಡಿದರೆ 4800 ಪೌಂಡು, ನಮ್ಮ ಲೆಕ್ಕದಲ್ಲಿ ಎರಡು ಟನ್ ಮೀರಿತು. 50 ಕಿಲೋದ ಗೊಬ್ಬರದ ಚೀಲ 40ಕ್ಕೂ ಹೆಚ್ಚು! ಅಷ್ಟನ್ನೂ ಬಾಗಿಲ ಮೇಲೆ ಅಡ್ಡ ಹಾಕಿದ ತೊಲೆ ಹೊತ್ತು ಆಚೀಚೆಯ ಎರಡು ಕಂಬಗಳಿಗೆ ದಾಟಿಸಬೇಕು. ಈ ತೊಲೆಗೆ ಅವರು ಹೆಡರ್ ಎನ್ನುತ್ತಾರೆ, ನಮ್ಮ ಗೋಡೆ ಮನೆಯ ಲಿಂಟಲ್ ಇದ್ದ ಹಾಗೆ. ದಪ್ಪ ಹಲಗೆಗಳನ್ನು ಜೋಡಿ ಹಾಕಿ, ಕಂಬದಲ್ಲಿ ಕಚ್ಚು ಕೊರೆದು ಅದರ ಮೇಲೆ ಕೂರಿಸಿ ಬೋಲ್ಟು ಬಿಗಿಯುತ್ತಾರೆ. ಬರೀ ಮೊಳೆ ಹೊಡೆದರೆ ಸಾಲದು. ಬಾಗಿಲ ಪಕ್ಕದ ಕಂಬಗಳು ದಪ್ಪವಿರಬೇಕು, ಅವುಗಳ ಗುಂಡಿಯ ತಳಕ್ಕೆ ದೊಡ್ಡ ಕಾಂಕ್ರೀಟ್ ಹಾಸು ಬೇಕು.

ಆದರೆ ಇದೇ ಬಾಗಿಲನ್ನು ಸೂರಿನ ತ್ರಿಕೋನ ಕಾಣುವ ಮುಂಬದಿ ಗೋಡೆಯಲ್ಲಿ ಇಟ್ಟರೆ ಭಾರದ ತಲೆನೋವು ಬಹಳ ಕಡಿಮೆ. ಯಾಕೆಂದರೆ ಟ್ರಸ್ಸುಗಳು ಉದ್ದಗೋಡೆಯ ಕಂಬಗಳ ಮೇಲೆ ಕೂತಿರುತ್ತವೆ, ಮುಂಬದಿ ಗೋಡೆ ಹೊರುವುದು ಅಲ್ಪ. ಅಲ್ಲಿ ಮೇಲಿನ ತೊಲೆ ಹಗುರವಾಗಿದ್ದರೂ ನಡೆಯುತ್ತದೆ. ಹಾಗಂತ ಆ ಗೋಡೆಯ ಕಂಬಗಳನ್ನು ಹೇಗೆಂದರೆ ಹಾಗೆ ಕತ್ತರಿಸುವಂತಿಲ್ಲ, ಗಾಳಿಯ ಹೊಡೆತ ತಡೆಯುವುದು ಅವೇ. ಹಾಗಾದರೆ ಎಲ್ಲರೂ ಮುಂಬದಿಯಲ್ಲೇ ಯಾಕೆ ಇಡುವುದಿಲ್ಲ? ಉದ್ದ ಶೆಡ್ಡಿಗೆ ಮುಂದೊಂದೇ ಬಾಗಿಲಿದ್ದರೆ ಒಳಗಿನ ಯಂತ್ರ ತೆಗೆಯಲು ಹೊರಗಿನದನ್ನೆಲ್ಲ ತೆಗೆಯಬೇಕು. ನಮ್ಮ ಹಳೇ ಗೋದಾಮಿನಲ್ಲಿ ಯೂರಿಯಾ ಹಿಂದೆ ಸಿಕ್ಕಿಹಾಕಿಕೊಂಡ ಬೀಜದ ಚೀಲದ ಕಥೆಯೇ.

ಬಾಗಿಲು ಕೂರಿಸುವ ಕ್ರಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ನಮ್ಮ ಮನೆಯ ಬಾಗಿಲು ಚೌಕಟ್ಟಿನ ಒಳಗೆ ಕೂರುತ್ತದೆ. ಈ ಬಾಗಿಲು ಹಾಗಲ್ಲ. ಅದು ಕಂಡಿಯ ಹಿಂದೆ, ಒಳಮೈಗೆ ಅಂಟಿಕೊಂಡು ನಿಲ್ಲುತ್ತದೆ. 16 ಅಡಿ ಬಾಗಿಲಿಗೆ ಕಂಡಿಯೂ 16 ಅಡಿಯೇ. ಸಂದು ಮುಚ್ಚಲು ಹೊರಗಿನಿಂದ ರಬ್ಬರ್ ಪಟ್ಟಿ. ಗಾಲಿಯ ಹಳಿ ಹೊಡೆಯುವುದಕ್ಕೆ ಕಂಡಿಯ ಎರಡೂ ಪಕ್ಕ, ಒಳಗಡೆ, ಒಂದೇ ಸಮತಳದಲ್ಲಿ ಹಲಗೆ ಹೊಡೆದಿರಬೇಕು. ಉಂಡೆಕಂಬದ ಮೈ ಡೊಂಕು, ಅದಕ್ಕೇ ನೇರ ಹಳಿ ಹೊಡೆದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಕಂಬ ಕಂಬದ ಕೆಲಸಕ್ಕೆ, ಹಲಗೆ ಬಾಗಿಲಿನ ಕೆಲಸಕ್ಕೆ. ಬಾಗಿಲ ಮೇಲ್ಗಡೆ ನಡುಮಧ್ಯಕ್ಕೆ ಒಂದು ಗಟ್ಟಿ ಹಲಗೆ ನಿಲ್ಲಿಸುತ್ತಾರೆ, ಸ್ಪ್ರಿಂಗಿನ ಹಿಡಿಕೆ ಅದಕ್ಕೆ ಬಿಗಿಯುವುದು. ಈ ಹಲಗೆಯಲ್ಲಿ ಗಂಟು, ಸೀಳು ಇರಕೂಡದು. ಬಾಗಿಲಿನ ಭಾರದಷ್ಟು ಬಿಗಿ ಆ ಸ್ಪ್ರಿಂಗಿನಲ್ಲಿ ತಿರುಚಿ ಕೂಡಿಟ್ಟಿರುತ್ತದೆ. ಹಲಗೆ ಕಿತ್ತು ಬಂದರೆ ಎದುರಿಗಿದ್ದವನ ಗತಿ ಹೇಳಬೇಕಾಗಿಲ್ಲ. ಸ್ಪ್ರಿಂಗು ಬಿಗಿಯುವ ಕೆಲಸಕ್ಕೆ ಕಸುಬು ಬಲ್ಲವರೇ ಬೇಕು ಎಂದು ಕೈಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ.

ಬಾಗಿಲಿನ ತಲೆಯ ಮೇಲೆ ಹಳಿ ಬಾಗುವುದಕ್ಕೆ ಸಾಧಾರಣ ಒಂದಡಿ, ಒಂದೂಕಾಲು ಅಡಿ ಖಾಲಿ ಬೇಕು. ಒಳಕ್ಕೆ ಬಾಗಿಲಿನ ಎತ್ತರದಷ್ಟು, ಮೇಲೊಂದು ಒಂದೂವರೆ ಅಡಿ. ಅಂದರೆ 12 ಅಡಿ ಎತ್ತರದ ಬಾಗಿಲಿಗೆ ಹದಿಮೂರೂವರೆ ಅಡಿ ಒಳಗೆ ಏನೂ ಅಡ್ಡ ಬರಬಾರದು. 12 ಅಡಿ ಬಾಗಿಲು ಬೇಕಾದವನು 12 ಅಡಿ ಕಂಬ ನೆಟ್ಟರೆ ಮುಗಿಯಿತು ಕಥೆ. ತೊಲೆಯ ದಪ್ಪ, ಹಳಿಯ ಬಾಗು ಎಲ್ಲ ಕೂಡಿಸಿ ಸೂರಿನ ಎತ್ತರ ಲೆಕ್ಕ ಹಾಕಬೇಕು. ಆಮೇಲೆ ಎತ್ತರ ಅಳೆಯುವುದು ಮಣ್ಣಿನಿಂದ ಅಲ್ಲ, ಮುಂದೆ ಹಾಕುವ ಕಾಂಕ್ರೀಟಿನ ಮೇಲ್ಮೈಯಿಂದ. ಇದನ್ನು ಓದಿಸುವಾಗ ಡಿಪ್ಲೊಮಾ ಹುಡುಗ ನನ್ನ ಮುಖ ನೋಡಿ ನಕ್ಕ. ಅಮೆರಿಕದಲ್ಲೂ ಈ ತಪ್ಪು ಮಾಡುವವರು ಇದ್ದಾರೆ ಎಂದು ಇಂಡಿಯಾನಾದ ಹುಡುಗ ಹೇಳಿದ್ದರಿಂದ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಅಲ್ಲಿ ಗುಂಡಿ ತೋಡುವ ಮೊದಲೇ ಒಂದು ಗೂಟ ನೆಟ್ಟು ಅದರ ಮೇಲೆ ನೆಲದ ಮಟ್ಟವನ್ನು ಗೀಟು ಎಳೆದು ಇಟ್ಟಿರುತ್ತಾರಂತೆ, ಎಲ್ಲ ಅಳತೆಯೂ ಆ ಗೀಟಿನಿಂದಲೇ. ಒಂದು ಗೂಟದ ಖರ್ಚು ಎಷ್ಟು ಎಂದು ನಾನು ಹೇಳಬೇಕಾಗಿಲ್ಲ.

ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದರೆ ಕಂಡಿ ಚೌಕ ಎಂದು ಅರ್ಥ. ತೂಗುಗುಂಡು, ರಸಮಟ್ಟ ಹಿಡಿಯುವ ನಮ್ಮ ಮೇಸ್ತ್ರಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಗಾಳಿಯ ವಿಷಯ. ಇದನ್ನು ಸದಸ್ಯರು ದಯವಿಟ್ಟು ಗಮನವಿಟ್ಟು ಓದಬೇಕು. 1992ರ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತ ಫ್ಲಾರಿಡಾದ ದಕ್ಷಿಣಕ್ಕೆ ಅಪ್ಪಳಿಸಿತು. ಆಮೇಲೆ ಸರ್ಕಾರದ ತಜ್ಞರು ಬಿದ್ದ ಮನೆಗಳನ್ನು ಪರಿಶೀಲಿಸಿದಾಗ, ಅಗಲವಾದ ಗ್ಯಾರೇಜು ಬಾಗಿಲು ಮೊದಲು ಒಳಕ್ಕೆ ಕುಸಿದು, ಗಾಳಿ ಒಳಗೆ ನುಗ್ಗಿ, ಸೂರು ಹಾರಿಹೋದ ಮನೆಗಳು ಬಹಳ ಕಂಡವು. ಹೊರಗೆ ಗಾಳಿ ಸೂರನ್ನು ಮೇಲಕ್ಕೆ ಎಳೆಯುತ್ತಿರುತ್ತದೆ, ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ಬಲೂನಿನಂತೆ. 16 ಅಡಿ ಅಗಲ 14 ಅಡಿ ಎತ್ತರದ ಬಾಗಿಲು ಎಂದರೆ 224 ಚದರಡಿ. ಚದರಡಿಗೆ 20 ಪೌಂಡು ಒತ್ತಡ ಬಿದ್ದರೂ ಬಾಗಿಲ ಮೇಲೆ ಎರಡು ಟನ್ನು. ಅದನ್ನು ತಡೆಯುವುದು ಹಳಿ, ಹಳಿಯನ್ನು ತಡೆಯುವುದು ಪಕ್ಕದ ಹಲಗೆ, ಹಲಗೆಯನ್ನು ತಡೆಯುವುದು ಕಂಬ. 1994ರಲ್ಲಿ ಆ ಭಾಗದಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿ, ಗಾಳಿ ತಡೆಯುತ್ತದೆ ಎಂದು ಪರೀಕ್ಷೆಯಾದ ಬಾಗಿಲನ್ನೇ ಹಾಕಬೇಕು ಎಂದರು.

ಫ್ಲಾರಿಡಾದ ಚಂಡಮಾರುತ ನಮಗೆ ಬರುವುದಿಲ್ಲ, ಸರಿ. ಆದರೆ ನಮ್ಮ ಹಳೇ ಶೆಡ್ಡಿನ ಆರು ತಗಡು ಕೆರೆ ಏರಿಯ ಮೇಲೆ ಸಿಕ್ಕಿದ್ದು ಹೇಗೆ? ಅವತ್ತು ಮುಂಗಾರಿಗೆ ಮೊದಲಿನ ಗಾಳಿಮಳೆ. ಶಟರು ಪೂರ್ತಿ ಇಳಿಯುತ್ತಿರಲಿಲ್ಲ, ಅರ್ಧಕ್ಕೆ ನಿಂತಿತ್ತು. ಗಾಳಿ ಒಳಗೆ ಹೊಕ್ಕು ತಗಡು ಕಿತ್ತುಕೊಂಡು ಹೋಯ್ತು. ಆ ಹೊತ್ತಿನಲ್ಲಿ ಏರಿ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿಯ ಪಕ್ಕದಲ್ಲೇ ಒಂದು ತಗಡು ಬಿತ್ತು. ಅಜ್ಜಿಗೆ ಏನೂ ಆಗಲಿಲ್ಲ. ತಗಡಿನ ಕೊಕ್ಕೆ ಸರಿಯಿಲ್ಲ ಎಂದು ನಾವು ಆಗ ನಡಾವಳಿಯಲ್ಲಿ ಬರೆದೆವು. ಈಗ ಅನ್ನಿಸುತ್ತದೆ, ಬಾಗಿಲು ಎಂದು ಬರೆಯಬೇಕಿತ್ತು.

ಮೋಟಾರಿನ ಬಾಗಿಲಿನಲ್ಲಿ ಇನ್ನೊಂದು ಅಪಾಯ ಮಕ್ಕಳದ್ದು. ಇಳಿಯುವ ಬಾಗಿಲ ಕೆಳಗೆ ಸಿಕ್ಕು ಅಲ್ಲಿ ಮಕ್ಕಳು ಸತ್ತಿದ್ದಾರೆ. ಆದ್ದರಿಂದ 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಮೋಟಾರುಗಳಿಗೆಲ್ಲ, ಅಡ್ಡ ಏನಾದರೂ ಬಂದರೆ ಬಾಗಿಲು ತಾನಾಗಿ ಮೇಲಕ್ಕೆ ತಿರುಗುವಂತೆ ಬೆಳಕಿನ ಕಣ್ಣು ಅಥವಾ ಅಂಥ ಇನ್ನೊಂದು ಸಾಧನ ಇರಲೇಬೇಕೆಂದು ಅಲ್ಲಿ ಕಾನೂನು ಆಯಿತು. ಸಂಘದ ಅಂಗಳ ಅಂದರೆ ಶಾಲೆ ಬಿಟ್ಟ ಮೇಲೆ ಮಕ್ಕಳ ಆಟದ ಬಯಲು ಎಂಬುದು ಎಲ್ಲರಿಗೂ ಗೊತ್ತಿದೆ.

ಇಷ್ಟೆಲ್ಲ ಬರೆದದ್ದು ನಾವೂ ಅಮೆರಿಕದ ಬಾಗಿಲನ್ನೇ ತರಿಸಬೇಕು ಎಂದಲ್ಲ. ಅದರ ಬೆಲೆಗೆ ನಮ್ಮಲ್ಲಿ ಅರ್ಧ ಶೆಡ್ಡೇ ಆಗುತ್ತದೆ. ಮರದ ಕಂಬವೂ ನಮಗೆ ಬೇಡ, ಕಬ್ಬಿಣದ್ದೇ ಸಾಕು. ಬಾಗಿಲಿಗೆ ಶಟರೇ ಆಗಬಹುದು, ಕಟಾವಿನ ಯಂತ್ರಕ್ಕೆ ಪಕ್ಕಕ್ಕೆ ಸರಿಯುವ ಬಾಗಿಲೂ ಆಗಬಹುದು. ಆದರೆ ಕಂಡಿಯ ಲೆಕ್ಕ ಯಾವ ಬಾಗಿಲಿಗೂ ತಪ್ಪಿದ್ದಲ್ಲ. ಎಲ್ಲಿ, ಎಷ್ಟು ಅಗಲ, ಸಿದ್ಧವಾದ ನೆಲದಿಂದ ಎಷ್ಟು ಎತ್ತರ, ಮೇಲಿನ ತೊಲೆ ಏನು, ಕಂಬಕ್ಕೆ ಅದನ್ನು ಕಟ್ಟುವುದು ಹೇಗೆ, ಇದಿಷ್ಟೂ ಮೊದಲನೇ ಗುಂಡಿ ತೋಡುವ ಮುಂಚೆ ಕಾಗದದ ಮೇಲೆ ಬಂದಿರಬೇಕು ಎಂದು ನಾನು ಮಹಾಸಭೆಯಲ್ಲಿ ಸೂಚನೆ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಈಗಾಗಲೇ ಒಪ್ಪಿದ್ದಾರೆ.

ಬಾಗಿಲು ಯಾವ ದಿಕ್ಕಿಗೆ ಎಂಬುದರಲ್ಲಿ ಮಾತ್ರ ನಮ್ಮ ಸಮಿತಿಯಲ್ಲಿ ಒಮ್ಮತವಿಲ್ಲ. ರಸ್ತೆ ಇರುವುದು ಪಶ್ಚಿಮಕ್ಕೆ, ಯಂತ್ರ ತಿರುಗಿಸಲು ಅದೇ ಸಲೀಸು ಎಂದು ಉಪಾಧ್ಯಕ್ಷರು ಹೇಳುತ್ತಾರೆ. ಆಷಾಢದ ಗಾಳಿ ಬರುವುದೂ ಪಶ್ಚಿಮದಿಂದಲೇ, ಆದ್ದರಿಂದ ಪೂರ್ವದ ಮುಂಬದಿ ಗೋಡೆಗೆ ಇಡೋಣ, ದಾರಿಗೆ ಬೇಕಾದರೆ ನನ್ನ ಹೊಲದ ಬದುವಿನಿಂದ ಹತ್ತಡಿ ಬಿಡುತ್ತೇನೆ ಎಂಬುದು ನನ್ನ ಮಾತು. ಹೊಲ ಬಿಡುವ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಜಾಗದಲ್ಲಿ ಸುಣ್ಣದ ಗೆರೆ ಎಳೆದು, ನಾಲ್ಕು ಗೂಟ ಹೊಡೆದು, ಐದನೆಯ ಗೂಟದ ಮೇಲೆ ಕೆಂಪು ಬಣ್ಣದಲ್ಲಿ ನೆಲದ ಮಟ್ಟ ಗೀಟಿದ್ದೇನೆ. ಸಭೆಗೆ ಬರುವ ಸದಸ್ಯರು ಅರ್ಧ ಗಂಟೆ ಮೊದಲೇ ಬಂದು ನೋಡಬೇಕು. ದನ ಕಟ್ಟುವವರು ದಯಮಾಡಿ ಆ ಐದನೇ ಗೂಟಕ್ಕೆ ಮಾತ್ರ ಹಗ್ಗ ಹಾಕಬೇಡಿ.